ತುಂಗೆಯ ದಡದಿಂದ ಪೆನ್ಸಿಲ್ವೇನಿಯಾಕ್ಕೆ: ಮಲೆನಾಡಿನ ಭಟ್ಟರು ಹೋದ ದಾರಿ

ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಹುಡುಗ ಪೌರೋಹಿತ್ಯ ಮಾಡುತ್ತಾನೆ ಅಂದರೆ ಎಷ್ಟೋ ಸಲ ಜಾತಕ ಅಲ್ಲೇ ವಾಪಸ್. ಅದೇ ಹುಡುಗ ಅಮೆರಿಕದ ದೇವಸ್ಥಾನದಲ್ಲಿದ್ದಾನೆ ಅಂದರೆ ಸ್ವಲ್ಪ ಕೂತು ಮಾತಾಡುತ್ತಾರೆ. 2021ರಲ್ಲಿ ರಾಜ್ಯ ಬ್ರಾಹ್ಮಣ ಅಭಿವೃದ್ಧಿ ಮಂಡಳಿ ‘ಮೈತ್ರೇಯಿ’ ಅನ್ನುವ ಯೋಜನೆಯನ್ನೇ ತಂದಿತು. ಬಡ ಅರ್ಚಕರನ್ನು, ಪುರೋಹಿತರನ್ನು ಮದುವೆಯಾಗುವ ಹುಡುಗಿಗೆ 3 ಲಕ್ಷ ರೂಪಾಯಿ. ಪರಿಸ್ಥಿತಿ ಎಲ್ಲಿಗೆ ಬಂದಿದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

‘ದುಡ್ಡಿನ ಆಸೆಗೆ ಭಟ್ಟರು ಊರು ಬಿಟ್ಟರು’ ಅಂತ ಹೇಳಿಬಿಡುವುದು ಸುಲಭ. ಆದರೆ ಅವರು ಹೊರಡುವ ಮೊದಲೇ ಊರಿನಲ್ಲಿ ಏನೇನು ಕೈಬಿಟ್ಟು ಹೋಗಿತ್ತು ಅನ್ನುವುದನ್ನೂ ನೋಡಬೇಕಲ್ವಾ?

ಹಿಂದೆ ಸಮುದ್ರ ದಾಟುವುದೇ ದೋಷ. ಬೌಧಾಯನ ಧರ್ಮಸೂತ್ರ ಅದನ್ನು ಜಾತಿಯಿಂದ ಬೀಳಿಸುವ ಕೆಲಸಗಳ ಜೊತೆ ಹೇಳುತ್ತದೆ. ಕಲಿಯುಗದಲ್ಲಿ ಮಾಡಬಾರದ್ದು ಅಂತ ಆಮೇಲಿನವರು ಮಾಡಿದ ಪಟ್ಟಿಗಳಲ್ಲೂ ಇದು ಬರುತ್ತದೆ. ಈ ತಕರಾರು ಇನ್ನೂ ಪೂರ್ತಿ ಸತ್ತಿಲ್ಲ. 2008ರಲ್ಲಿ ಪುತ್ತಿಗೆ ಮಠದ ಪರ್ಯಾಯ, ಅಂದರೆ ಕೃಷ್ಣ ಪೂಜೆಯ ಸರದಿ ಬಂದಾಗ, ವಿದೇಶಕ್ಕೆ ಹೋಗಿ ಬಂದ ಸ್ವಾಮಿಗಳು ಉಡುಪಿ ಕೃಷ್ಣನನ್ನು ಮುಟ್ಟಿ ಪೂಜೆ ಮಾಡಬಹುದೇ ಅಂತ ದೊಡ್ಡ ವಿವಾದವೇ ಆಯಿತು. ಅದು ಸನ್ಯಾಸಿಗಳ ಮಾತಾಯಿತು. ಸಂಸಾರಸ್ಥ ಭಟ್ಟರ ವಿಷಯದಲ್ಲಿ ಮಲೆನಾಡು ಇಷ್ಟು ಬಿಗಿಯಾಗಿ ಉಳಿದಿಲ್ಲ. ಶೃಂಗೇರಿಯ ಹೆಸರಲ್ಲೇ ಪೆನ್ಸಿಲ್ವೇನಿಯಾದ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಶಾರದಾಂಬೆಯ ಗುಡಿ ಇದೆ. ದೇವರೇ ಅಲ್ಲಿಗೆ ಹೋದ ಮೇಲೆ ಪೂಜೆಗೆ ಯಾರಾದರೂ ಹೋಗಲೇಬೇಕು.

ನಿಜವಾಗಿ ಬದಲಾಗಿದ್ದು ಜಮೀನಿನ ಲೆಕ್ಕ. ದೇವರ ಪೂಜೆ ನಡೆಯುತ್ತಿದ್ದದ್ದು ದೇವಸ್ಥಾನಕ್ಕೆ ಬಿಟ್ಟಿದ್ದ ಇನಾಮು ಜಮೀನಿನ ಹುಟ್ಟುವಳಿಯಿಂದ. ಹಳೆ ಮೈಸೂರಿನಲ್ಲಿ 1955ರ ಕಾಯಿದೆ ಧಾರ್ಮಿಕ ಇನಾಮುಗಳನ್ನು ರದ್ದು ಮಾಡಿತು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟಿದ್ದ ಗದ್ದೆಯೂ ಹೋಯಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಎದ್ದು ನಿಂತಿದ್ದರು. ಅವರ ಪಾಡು ನೋಡಿದರೆ ಗೇಣಿ ಪದ್ಧತಿ ಹೋಗಿದ್ದು ನ್ಯಾಯವೇ. ಆದರೆ ನೈವೇದ್ಯದ ಅಕ್ಕಿ ಇನ್ನು ಎಲ್ಲಿಂದ ಬರಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಲಿಲ್ಲ. ಉಳಿದದ್ದು ತಸ್ತೀಕು, ಅಂದರೆ ಪೂಜೆಗೆ ಅಂತ ಸರ್ಕಾರ ವರ್ಷಕ್ಕೊಮ್ಮೆ ಕೊಡುವ ಹಣ. ಮುಜರಾಯಿಯ ‘ಸಿ’ ದರ್ಜೆ, ಅಂದರೆ ಕಡಿಮೆ ಆದಾಯದ ದೇವಸ್ಥಾನಗಳಿಗೆ ಅದು ವರ್ಷಕ್ಕೆ 48,000 ರೂಪಾಯಿ ಇತ್ತು. 2022ರ ಬಜೆಟ್‌ನಲ್ಲಿ 60,000 ಆಯಿತು, 2025ರಲ್ಲಿ 72,000. ಅಂದರೆ ತಿಂಗಳಿಗೆ ಆರು ಸಾವಿರ. ದೀಪದ ಎಣ್ಣೆ, ಹೂವು, ನೈವೇದ್ಯದ ಖರ್ಚೂ ಅದರಲ್ಲೇ ತೂಗಬೇಕು. ನಾಲ್ಕು ಎಕರೆ ಅಡಿಕೆ ತೋಟ ಇದ್ದವರು ಹೇಗೋ ನಿಭಾಯಿಸಿದರು. ಇಲ್ಲದವರ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. ಅಮೆರಿಕ ಆಮೇಲಿನ ಮಾತು.

ಅಲ್ಲಿ ಭಟ್ಟರು ಬೇಕಾಗಿದ್ದು 1965ರ ವಲಸೆ ಕಾಯಿದೆಯ ನಂತರ. ಮೊದಲು ಹೋದವರು ಡಾಕ್ಟರು, ಎಂಜಿನಿಯರು. ಮಕ್ಕಳಾದರು, ನಾಮಕರಣ, ಉಪನಯನ ಅಂತ ಶುರುವಾಯಿತು. 1977ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನದ ಕುಂಭಾಭಿಷೇಕ ಆಯಿತು. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದ ಪ್ರತಿಷ್ಠೆಯೂ ಅದೇ ವರ್ಷ. 1990ರ ಕಾನೂನು ಧಾರ್ಮಿಕ ಕೆಲಸದವರಿಗಾಗಿಯೇ ‘ಆರ್-1’ ವೀಸಾ ತಂದಿತು.

ಶೃಂಗೇರಿಯಲ್ಲೋ ಮತ್ತೂರಿನಲ್ಲೋ ಕಲಿತ ಹುಡುಗನಿಗೆ ಒಂದು ವೇದಶಾಖೆ, ಕರ್ಮ ಮಾಡಿಸುವ ಒಂದು ಕ್ರಮ ಚೆನ್ನಾಗಿ ಬರುತ್ತದೆ. ಅಲ್ಲಿ ಅಷ್ಟು ಸಾಲದು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಂಥ ಕಡೆ ಶಿವ, ವಿಷ್ಣು ಒಂದೇ ದೇವಸ್ಥಾನದಲ್ಲಿ. ಭಕ್ತರಲ್ಲಿ ತೆಲುಗರು, ತಮಿಳರು, ಗುಜರಾತಿಗಳು, ಕನ್ನಡಿಗರು, ಎಲ್ಲರೂ. ಊರಿನಲ್ಲಿ ಅರ್ಚಕರೇ ಬೇರೆ, ಮನೆಗೆ ಬರುವ ಪುರೋಹಿತರೇ ಬೇರೆ, ಸತ್ತವರ ಅಪರಕರ್ಮ ಮಾಡಿಸುವವರು ಇನ್ನೂ ಬೇರೆ. ಅಲ್ಲಿ ಬೆಳಿಗ್ಗೆ ಅಭಿಷೇಕ ಮಾಡಿದವರೇ ಮಧ್ಯಾಹ್ನ ಹೊಸ ಕಾರಿನ ಪೂಜೆಗೆ ನಿಲ್ಲಬೇಕು, ಸಂಜೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಓಡಬೇಕು. ಹೋಮಕ್ಕೆ ಮೊದಲು ಹೊಗೆ ಅಲಾರಂ ಬಂದ್ ಮಾಡಿಸಬೇಕು.

ಪೂಜೆಗೆ ಮೊದಲು ಸ್ಥಳ, ಕಾಲ ಹೇಳಿಕೊಳ್ಳುವ ಸಂಕಲ್ಪವೂ ಬದಲಾಯಿತು. ‘ಜಂಬೂದ್ವೀಪೇ ಭರತವರ್ಷೇ’ ಅನ್ನುವ ಕಡೆ ಅಮೆರಿಕದ ಹಲವು ದೇವಸ್ಥಾನಗಳಲ್ಲಿ ‘ಕ್ರೌಂಚದ್ವೀಪೇ ರಮಣಕವರ್ಷೇ’ ಅನ್ನುತ್ತಾರೆ. ನನಗಂತೂ ಇದು ಬಹಳ ಇಷ್ಟವಾಗುತ್ತದೆ. ಪಂಚಾಂಗದ್ದು ಇನ್ನೂ ತಲೆನೋವು. ತಿಥಿ ಶುರುವಾಗುವ ಕ್ಷಣ ಲೋಕಕ್ಕೆಲ್ಲ ಒಂದೇ, ಆದರೆ ಯಾವ ದಿನಕ್ಕೆ ಯಾವ ತಿಥಿ ಅಂತ ನೋಡುವುದು ಸೂರ್ಯೋದಯದಿಂದ, ಸೂರ್ಯ ಹುಟ್ಟುವುದು ಊರೂರಿಗೆ ಬೇರೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಹಾಗಾಗಿ ಶಿವಮೊಗ್ಗದ ಏಕಾದಶಿ, ಅಲ್ಲಿಯ ಏಕಾದಶಿ ಕೆಲವು ಸಲ ಬೇರೆ ಬೇರೆ ದಿನ ಬೀಳುತ್ತವೆ. ಊರಿನ ಪಂಚಾಂಗ ತೆಗೆದುಕೊಂಡು ಹೋದರೆ ಪ್ರಯೋಜನವಿಲ್ಲ, ಅಲ್ಲಿಯದೇ ಗಣಿತ ಬೇಕು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಎಷ್ಟೋ ಹಬ್ಬ ಶನಿವಾರಕ್ಕೆ ಹೋಗುತ್ತದೆ, ಏಕೆಂದರೆ ವಾರದ ಮಧ್ಯೆ ಜನರಿಗೆ ರಜೆ ಇಲ್ಲ.

ಈಗ ಅಡ್ಡ ನಿಂತಿರುವುದು ವೀಸಾ. ಆರ್-1ಕ್ಕೆ ಐದು ವರ್ಷದ ಮಿತಿ. ದೇವಸ್ಥಾನ ಬದಲಿಸಬೇಕೆಂದರೆ ಹೊಸ ಅರ್ಜಿ. ಹೀಗಾಗಿ ಆಡಳಿತ ಸಮಿತಿ ಜೊತೆ ಮನಸ್ತಾಪ ಆದರೂ ಬಾಯಿ ಮುಚ್ಚಿಕೊಂಡು ಇರುವವರೇ ಜಾಸ್ತಿ. ಜೊತೆಗೆ ಹೋದ ಹೆಂಡತಿಗೆ ಕೆಲಸ ಮಾಡಲು ಅನುಮತಿ ಇಲ್ಲ. ಓದಿದ ಹುಡುಗಿಯರು ಈ ಸಂಬಂಧಕ್ಕೂ ಹಿಂಜರಿಯುವುದಕ್ಕೆ ಇದೇ ಕಾರಣ. 2008ರ ಕೊನೆಗೆ ನಿಯಮ ಬಿಗಿಯಾಗಿ, ಮೊದಲ ಅವಧಿ ಮೂವತ್ತು ತಿಂಗಳಿಗೆ ಇಳಿಯಿತು. ಅಧಿಕಾರಿಗಳು ದೇವಸ್ಥಾನಕ್ಕೇ ಬಂದು ನೋಡುವುದೂ ಶುರುವಾಯಿತು. 2023ರ ಏಪ್ರಿಲ್‌ನಲ್ಲಿ ಲೆಕ್ಕ ಹಾಕುವ ಕ್ರಮ ಬದಲಾಗಿ, ಗ್ರೀನ್ ಕಾರ್ಡ್, ಅಂದರೆ ಕಾಯಂ ಆಗಿ ಉಳಿಯುವ ಪರವಾನಗಿಯ ಸರತಿ ಒಮ್ಮೆಗೇ 2018ರ ಸೆಪ್ಟೆಂಬರ್‌ಗೆ ಹಿಂದೆ ಸರಿಯಿತು; ಅದಕ್ಕೂ ಮೊದಲು ಅರ್ಜಿ ಹಾಕಿದವರಿಗೆ ಮಾತ್ರ ಪಾಳಿ. ಸರತಿಯಲ್ಲಿ ಕಾಯುತ್ತಿರುವಾಗಲೇ ಐದು ವರ್ಷ ಮುಗಿದುಹೋದರೆ ಗಂಟುಮೂಟೆ ಕಟ್ಟಬೇಕು. ಹೀಗೆ ಬಂದವರಿಗೆ ಬೆಂಗಳೂರಿನಲ್ಲಿ ಕೆಲಸಕ್ಕೇನೂ ಬರವಿಲ್ಲ, ಗೃಹಪ್ರವೇಶವೇ ಸಾಕಷ್ಟು ಸಿಗುತ್ತದೆ.

ಊರಿನಲ್ಲಿ ಒಬ್ಬರೇ ಭಟ್ಟರು ಬೈಕಿನಲ್ಲಿ ಮೂರು ನಾಲ್ಕು ಗುಡಿ ಸುತ್ತುತ್ತಾರೆ. ಮಹಾಮಂಗಳಾರತಿಯ ಹೊತ್ತು ಅವರು ಬಂದ ಹೊತ್ತು. ಮನೆಯಲ್ಲಿ ಶ್ರಾದ್ಧ ಮಾಡಿಸುವವರು ಸಿಗದೆ ಗೋಕರ್ಣಕ್ಕೋ ಶ್ರೀರಂಗಪಟ್ಟಣಕ್ಕೋ ಹೋಗಿ ಮುಗಿಸಿಕೊಂಡು ಬರುವ ಮನೆಗಳೂ ಇವೆ. ಅವುಗಳಲ್ಲಿ ಕೆಲವು ಮನೆಯ ಮಗನೇ ಈಗ ಅಮೆರಿಕದಲ್ಲಿ ಬೇರೆಯವರ ಮನೆಯ ಶ್ರಾದ್ಧ ಮಾಡಿಸುತ್ತಿದ್ದಾನೆ.