ಶುಲ್ಕವೆಂದರೆ ತೆರಿಗೆಯಲ್ಲ: ಪ್ರಪೋಸಿಷನ್ 26 ಎಳೆದ ಗೆರೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮತದಾರರ ಮುಂದಿಟ್ಟ ಸಂವಿಧಾನ ತಿದ್ದುಪಡಿಯಾದ ಪ್ರಪೋಸಿಷನ್ 26ರ ಮಾತು ಬಂದಾಗಲೆಲ್ಲ ‘ತೆರಿಗೆ ಮತ್ತು ಶುಲ್ಕ ಏರಿಸಲು ಮೂರನೇ ಎರಡರಷ್ಟು ಬಹುಮತ ಕಡ್ಡಾಯಗೊಳಿಸಿದ ಪ್ರಸ್ತಾವ’ ಎಂಬ ಒಂದೇ ವಾಕ್ಯವನ್ನು ಓದಿ ಓದಿ ಸಾಕಾಗಿದೆ. ಆ ವಾಕ್ಯದಲ್ಲಿ ‘ಶುಲ್ಕ’ಕ್ಕೆ ಜಾಗವಿಲ್ಲ. ನಿಜವಾದ ಶುಲ್ಕವನ್ನು ಏರಿಸಲು ಅಲ್ಲಿನ ಶಾಸನಸಭೆಗೆ ಇಂದಿಗೂ ಸರಳ ಬಹುಮತ ಸಾಕು. 2010ರ ನವೆಂಬರ್ 2ರಂದು ಸುಮಾರು ಶೇ. 52.5ರಷ್ಟು ಮತದಾರರು ಒಪ್ಪಿದ್ದು, ಯಾವುದನ್ನು ಶುಲ್ಕವೆನ್ನಬಹುದು, ಹೆಸರು ಏನೇ ಇದ್ದರೂ ಯಾವುದು ತೆರಿಗೆಯೇ ಎಂಬ ವ್ಯಾಖ್ಯೆಯನ್ನು.

ಈ ಎರಡು ಪದಗಳ ಹುಟ್ಟೇ ಬೇರೆ. ತೆರಿಗೆ ಅಚ್ಚಗನ್ನಡದ ‘ತೆರು’ ಧಾತುವಿನಿಂದ ಬಂದದ್ದು. ದಂಡ ತೆರುತ್ತೇವೆ, ಪ್ರಾಣ ತೆತ್ತವರನ್ನು ನೆನೆಯುತ್ತೇವೆ. ಈ ಕ್ರಿಯಾಪದ ಕೈಬಿಟ್ಟು ಹೋದದ್ದನ್ನು ಹೇಳುತ್ತದೆಯೇ ಹೊರತು ಪ್ರತಿಯಾಗಿ ಏನು ಬಂತೆಂದು ಹೇಳುವುದಿಲ್ಲ. ಶುಲ್ಕ ಸಂಸ್ಕೃತದ್ದು, ಅದರಲ್ಲಿ ಪಡೆಯುವುದಕ್ಕಾಗಿ ಕೊಡುವ ಬೆಲೆ ಎಂಬ ಅರ್ಥ ಹಳೆಯದು. ವಧುವನ್ನು ಪಡೆಯಲು ಕೊಡುವುದು ಕನ್ಯಾಶುಲ್ಕ. ಪರಾಕ್ರಮವನ್ನೇ ಬೆಲೆಯಾಗಿ ಕೇಳಿದ ಜನಕ ತನ್ನ ಮಗಳು ಸೀತೆಯನ್ನು ‘ವೀರ್ಯಶುಲ್ಕೆ’ ಎಂದ. ಇದೇ ಪದ ತದ್ಭವವಾಗಿ ‘ಸುಂಕ’ವಾಗಿ, ಹಾದಿಯಲ್ಲಿ, ಗಡಿಯಲ್ಲಿ, ಸರಕಿನ ಮೇಲೆ ವಸೂಲಿಯಾಗುತ್ತ ತೆರಿಗೆಯ ಕಡೆಗೆ ವಾಲಿತು, ಇಂದಿನ ಆಮದು ಸುಂಕವಂತೂ ತೆರಿಗೆಯೇ. ಗೊಂದಲ ನಮ್ಮ ನಾಲಿಗೆಗೆ ಹತ್ತಿದ್ದು ಇಲ್ಲಿಂದ ಇರಬೇಕು. ಆದರೆ ಸುಂಕ ಜಾರಿದ ದಾರಿಯಲ್ಲಿ ಶುಲ್ಕವನ್ನೂ ಎಳೆದೊಯ್ಯಬೇಕಾಗಿಲ್ಲ.

ಕ್ಯಾಲಿಫೋರ್ನಿಯಾದ ಜಗಳವೂ ಈ ಕೊಟ್ಟು ಕೊಳ್ಳುವ ಅರ್ಥದ ಮೇಲೆಯೇ ನಡೆದದ್ದು. 1978ರ ಪ್ರಪೋಸಿಷನ್ 13ರ ನಂತರ ರಾಜ್ಯದ ತೆರಿಗೆಯನ್ನು ಹೆಚ್ಚಿಸಲು 80 ಸದಸ್ಯರ ಅಸೆಂಬ್ಲಿಯಲ್ಲಿ 54, 40 ಸದಸ್ಯರ ಸೆನೆಟ್‌ನಲ್ಲಿ 27 ಮತಗಳು ಬೇಕಾದವು. ಶುಲ್ಕಕ್ಕೆ 41 ಮತ್ತು 21 ಸಾಕು. ಹೀಗಿರುವಾಗ, ಮಕ್ಕಳನ್ನು ಸೀಸದ ವಿಷದಿಂದ ಕಾಪಾಡಲು 1991ರಲ್ಲಿ ಬಂದ ಕಾನೂನು, ಹಿಂದೆ ಸೀಸ ಬೆರೆತ ಬಣ್ಣ ಮಾರಿದ್ದ ಕಂಪನಿಗಳ ಮೇಲೆ ಸರಳ ಬಹುಮತದಿಂದಲೇ ಶುಲ್ಕ ಹಾಕಿತು. ಸಿಂಕ್ಲೇರ್ ಪೇಂಟ್ ಕಂಪನಿ ಇದು ತೆರಿಗೆಯೆಂದು ವಾದಿಸಿತು. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಕೊಟ್ಟವನಿಗೆ ಏನೂ ಸಿಗದಿದ್ದರೂ, ಅವನ ಸರಕಿನಿಂದಾದ ಹಾನಿಯನ್ನು ಸರಿಪಡಿಸಲು ಬಳಸುವ ಹಣ ಶುಲ್ಕವಾಗಬಹುದು ಎಂದಿತು.

ಪ್ರಪೋಸಿಷನ್ 26 ಈ ಬಾಗಿಲನ್ನು ಮುಚ್ಚಲು ಬಂದದ್ದು. ಸರ್ಕಾರ ವಿಧಿಸುವ ಯಾವುದೇ ವಸೂಲಿ ತೆರಿಗೆಯೇ ಎಂದು ಅದು ಮೊದಲು ಹೇಳಿ, ಆಮೇಲೆ ಕೆಲವನ್ನು ಹೊರಗಿಡುತ್ತದೆ. ಕೊಟ್ಟವರಿಗೇ ಸಿಗುವ ಸೇವೆ ಅಥವಾ ಸೌಲಭ್ಯಕ್ಕೆ ತಗಲುವ ಸಮಂಜಸ ವೆಚ್ಚ, ಪರವಾನಗಿ ಮತ್ತು ತಪಾಸಣೆಯ ವೆಚ್ಚ, ಸರ್ಕಾರಿ ಆಸ್ತಿಯ ಬಳಕೆಗೆ ಕೊಡುವ ಹಣ, ಕಾನೂನು ಮುರಿದದ್ದಕ್ಕೆ ದಂಡ ಇಂಥವು ಹೊರಗೆ. ವಸೂಲಿ ತೆರಿಗೆಯಲ್ಲವೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು.

ಇದೇ ಪ್ರಶ್ನೆ ನಮ್ಮ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲೂ ಇತ್ತೆಂಬುದನ್ನು ಮರೆಯಬಾರದು. ಮದರಾಸಿನ ಕಾನೂನು ಧಾರ್ಮಿಕ ಸಂಸ್ಥೆಗಳಿಂದ ಪಡೆಯುತ್ತಿದ್ದ ವಾರ್ಷಿಕ ವಂತಿಗೆಗೂ ಸರ್ಕಾರ ಕೊಡುವ ಸೇವೆಗೂ ಸಂಬಂಧವಿಲ್ಲದ್ದರಿಂದ, ಅದು ಶುಲ್ಕವಲ್ಲ, ತೆರಿಗೆ ಎಂದು ಭಾರತದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಡಂಬಾರ್ಟನ್ ಸೇತುವೆ ದಾಟಿ ಕೆಲಸಕ್ಕೆ ಹೋಗುವ ಕನ್ನಡಿಗರು ಈ ಗೆರೆಯನ್ನು ದಿನವೂ ದಾಟುತ್ತಾರೆ. 2018ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ 9 ಕೌಂಟಿಗಳ (ಜಿಲ್ಲೆಗಳ) ಮತದಾರರಲ್ಲಿ ಸುಮಾರು ಶೇ. 55 ಮಂದಿ ಒಪ್ಪಿದ್ದರಿಂದ, ಅಲ್ಲಿನ 7 ಸೇತುವೆಗಳ ಟೋಲ್ 5 ಡಾಲರ್‌ನಿಂದ ಹಂತಹಂತವಾಗಿ ಏರಿ 2025ರಲ್ಲಿ 8 ಡಾಲರ್ ಆಯಿತು. ಹೆಚ್ಚಿನ ಹಣ ರೈಲು, ದೋಣಿ, ಹೆದ್ದಾರಿಗಳಿಗೂ ಹೋಗುವುದರಿಂದ ಇದು ತೆರಿಗೆ, ಮೂರನೇ ಎರಡರಷ್ಟು ಮತ ಬೇಕಿತ್ತು ಎಂದು ತೆರಿಗೆದಾರರ ಸಂಘವೊಂದು ದಾವೆ ಹೂಡಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು: ಸೇತುವೆ ಸರ್ಕಾರದ ಆಸ್ತಿ, ಟೋಲ್ ಅದನ್ನು ಬಳಸಲು ಕೊಡುವ ಬೆಲೆ, ಸೇವೆಯ ಬಗೆಗಿನ ವಿನಾಯಿತಿಯಲ್ಲಿರುವ ‘ಸಮಂಜಸ ವೆಚ್ಚ’ದ ಮಿತಿ ಆಸ್ತಿಯ ವಿನಾಯಿತಿಯಲ್ಲಿ ಬರೆದೇ ಇಲ್ಲ.