ಹಾಲಿನ ಲೆಕ್ಕದ ಪಕ್ಕದಲ್ಲಿ ಮಾತ್ರೆಯ ಲೆಕ್ಕ

ಮೆಡಿಕಲ್ ಸ್ಟೋರಿಗೆ ಹೋಗಿ 'ತಲೆನೋವಿಗೆ ಎರಡು ಮಾತ್ರೆ ಕೊಡಿ' ಅಂದರೆ ಸಾಕು, ಕತ್ತರಿ ಹೊರಬರುತ್ತದೆ. ಸ್ಟ್ರಿಪ್ಪಿನಿಂದ ಎರಡು ಗುಳಿಗೆ ಕತ್ತರಿಸಿ ಕೈಗಿಡುತ್ತಾರೆ. ಔಷಧದ ಹೆಸರು ಒಂದು ತುಂಡಿನಲ್ಲಿ, ಎಕ್ಸ್‌ಪೈರಿ ತಾರೀಕು ಇನ್ನೊಂದರಲ್ಲಿ. ಹೀಗೆ ಎರಡೆರಡಾಗಿ ಕೊಂಡವರಿಗೆ ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗಿದೆವು ಎಂಬುದು ನೆನಪಿರುವುದೇ ಇಲ್ಲ.

ತಲೆನೋವಿನ ವೈದ್ಯರು ಮೊದಲು ಕೇಳುವುದು ಅದನ್ನೇ. ಪದೇ ಪದೇ ತಲೆನೋವು ಬರುವವರು ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾಧಾರಣ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಯಿಂದಲೇ ತಲೆನೋವು ಬೇರೂರಬಹುದು. ಹಲವು ಔಷಧ ಬೆರೆತ ಗುಳಿಗೆಗೆ, ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್‌ಗಳಿಗೆ ಗಡಿ ಇನ್ನೂ ಹತ್ತಿರ: 10 ದಿನ. ವಿಚಿತ್ರವೆಂದರೆ, ಮಂಡಿನೋವಿಗೆ ದಿನಾ ಮಾತ್ರೆ ತಿನ್ನುವ, ಎಂದೂ ತಲೆನೋವು ಕಾಣದ ಅಜ್ಜಿಗೆ ಹೀಗಾಗುವುದು ಅಪರೂಪ. ಮೊದಲೇ ಸೂಕ್ಷ್ಮವಾಗಿರುವ ಮಿದುಳಿನ ನೋವಿನ ಹಾದಿಗಳು ಮಾತ್ರೆಯ ಸಹವಾಸದಲ್ಲಿ ಇನ್ನಷ್ಟು ಸೂಕ್ಷ್ಮವಾಗುತ್ತವೆ.

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ಮಂದಿಯನ್ನು ಕೇಳಿದ ಸಮೀಕ್ಷೆಯೊಂದಿದೆ. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು ಎಂದವರು ಶೇ. 64. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್. ಮಾತ್ರೆಯ ಅತಿಬಳಕೆಯ ತಲೆನೋವು ಶೇ. 1ಕ್ಕಿಂತ ತುಸು ಹೆಚ್ಚು. ಸಣ್ಣ ಸಂಖ್ಯೆ ಅನ್ನಿಸೀತು, ಆದರೆ ಅವರಿಗೆ ತಿಂಗಳ ಅರ್ಧದಷ್ಟು ದಿನಗಳು ತಲೆ ಹಿಡಿದುಕೊಂಡೇ ಕಳೆಯುತ್ತವೆ.

ಮಾತ್ರೆಯ ದಿನಗಳನ್ನು ಕಡಿಮೆ ಮಾಡುವುದು ಹೇಗೆ? ವ್ಯಾಯಾಮದ ಮಾತು ಬರುವುದು ಇಲ್ಲಿ. ನಾರ್ವೆಯ ನೂರ್-ಟ್ರೊಂಡೆಲಾಗ್ ಎಂಬ ಜಿಲ್ಲೆಯಲ್ಲಿ 1984–86ರಲ್ಲೊಮ್ಮೆ, 1995–97ರಲ್ಲಿ ಮತ್ತೊಮ್ಮೆ ಊರಿಗೆ ಊರನ್ನೇ ಪ್ರಶ್ನಿಸಿದರು. ಮೊದಲ ಸಲ ದಿನವೂ ಇಲ್ಲವೇ ವಾರವಾರವೂ ನೋವಿನ ಮಾತ್ರೆ ನುಂಗುತ್ತಿದ್ದವರಲ್ಲಿ ಹನ್ನೊಂದು ವರ್ಷದ ನಂತರ ಬಿಡದ ತಲೆನೋವು ಎದ್ದು ಕಂಡಿತು. ಮೈ ಅಲುಗಿಸದೆ ಕೂತವರಲ್ಲೂ ಮೈಗ್ರೇನಲ್ಲದ ತಲೆನೋವು ತುಸು ಹೆಚ್ಚಿತ್ತು. ತುಸು ಮಾತ್ರ. ತಲೆನೋವಿದೆ ಅಂತಲೇ ಜನ ನಡೆಯುವುದು ಬಿಡುತ್ತಾರೆ ಎಂಬುದೂ ನಿಜ, ಆದ್ದರಿಂದ ಸಮೀಕ್ಷೆಯಷ್ಟನ್ನೇ ನಂಬಿ ತೀರ್ಪು ಕೊಡಲಾಗದು.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಹೆಚ್ಚು ಹಿಡಿಸುತ್ತದೆ. ಮೈಗ್ರೇನಿನ 91 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ಸಲ ಸೈಕಲ್ ತುಳಿಯಬೇಕು: 15 ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳುವುದು, 20 ನಿಮಿಷ ಚುರುಕು, 5 ನಿಮಿಷ ಇಳಿತ. ಇನ್ನೊಂದಕ್ಕೆ ಮೈಮನ ಸಡಿಲಿಸುವ ಅಭ್ಯಾಸ. ಮೂರನೆಯದಕ್ಕೆ ಟೊಪಿರಮೇಟ್ ಎಂಬ, ಮೈಗ್ರೇನ್ ಬಾರದಂತೆ ತಡೆಯುವ ಔಷಧ. ಮೂರು ತಿಂಗಳಾದ ಮೇಲೆ ಮೂರೂ ಗುಂಪಿನಲ್ಲಿ ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸಲದಷ್ಟು ನೋವು ಇಳಿದಿತ್ತು. ಅಡ್ಡಪರಿಣಾಮ ಕಂಡದ್ದು ಔಷಧದ ಗುಂಪಿನಲ್ಲಿ ಮಾತ್ರ, ಅಲ್ಲಿ ಮೂರನೇ ಒಂದು ಪಾಲು ಜನರಿಗೆ.

ಆ ಮೊದಲ 15 ನಿಮಿಷವನ್ನು ಹಾರಿಸಬೇಡಿ. ಏಕಾಏಕಿ ಓಡಿದರೆ ಕೆಲವರಿಗೆ ತಲೆನೋವು ಶುರುವಾಗುವುದುಂಟು. ಓಡುವಾಗ ಸಿಡಿಲು ಬಡಿದಂತೆ ಹೊಸ ನೋವು ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ. ಮತ್ತೆ, ತಲೆ ಸಿಡಿಯುತ್ತಿರುವಾಗ ವಾಕಿಂಗ್ ಹೊರಡಿ ಅಂತ ಯಾರಾದರೂ ಹೇಳಿದರೆ ಅವರಿಗೆ ಮೈಗ್ರೇನ್ ಬಂದಿಲ್ಲ ಅಂದುಕೊಳ್ಳಿ! ನಡಿಗೆ ಕೆಲಸ ಮಾಡುವುದು ನೋವಿಲ್ಲದ ದಿನಗಳಲ್ಲಿ. ನಿದ್ದೆ ಸರಿಯಾಗಿ, ಬಿಗಿದ ಮೈ ಸಡಿಲಾಗಿ, ಮುಂದಿನ ನೋವು ದೂರ ಸರಿದರೆ, ಮಾತ್ರೆಯ ದಿನಗಳೂ ತಾವಾಗಿ ಕಡಿಮೆಯಾಗುತ್ತವೆ.

ಗಡಿ ದಾಟಿದವರು ಮಾತ್ರೆಯನ್ನು ವೈದ್ಯರ ಜೊತೆ ಮಾತಾಡಿ ಬಿಡುವುದು ಒಳ್ಳೆಯದು, ಬಿಟ್ಟ ಮೊದಲ ಕೆಲವು ದಿನ ನೋವು ಹೆಚ್ಚಾಗುವುದು ಸಾಮಾನ್ಯ. ಹೋಗುವ ಮುನ್ನ ಅಡುಗೆಮನೆಯ ಕ್ಯಾಲೆಂಡರ್ ತೆಗೆಯಿರಿ. ಹಾಲಿನ ಪ್ಯಾಕೆಟ್ ಬರೆದಿಡುವ ಅದೇ ಚೌಕದಲ್ಲಿ, ಮಾತ್ರೆ ನುಂಗಿದ ದಿನ ಕೆಂಪು ಗೆರೆ, ನಡೆದ ದಿನ ನೀಲಿ ಗೆರೆ. ಎರಡು ತಿಂಗಳ ಆ ಹಾಳೆಗಳನ್ನು ವೈದ್ಯರ ಮೇಜಿನ ಮೇಲಿಡಿ.