ಭಯಭಕ್ತಿ ಅಂದರೆ ಯಾವ ಭಯ?

ಪ್ರಾರ್ಥನೆ ನಡುವೆ ಮಕ್ಕಳು ಕಿಸಕ್ಕನೆ ನಕ್ಕರೆ ನಮ್ಮ ಕ್ರೈಸ್ತ ಮನೆಗಳಲ್ಲಿ ತಟ್ಟನೆ ಬರುವ ಮಾತು ಇದು: "ಸ್ವಲ್ಪ ಭಯಭಕ್ತಿ ಇರಲಿ." ನಮ್ಮಜ್ಜಿಯ ಬಾಯಲ್ಲಿ ಇದನ್ನು ದಿನಾ ಕೇಳಿ ಬೆಳೆದೆ. ಅವರು ಬೈಬಲ್ ಮುಟ್ಟುವ ಮುಂಚೆ ಕೈ ತೊಳೆಯುತ್ತಿದ್ದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದೇ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಆಮೇಲೆ ಪುಸ್ತಕ ತೆರೆಯುತ್ತಿದ್ದರು. ಆ ಪದದಲ್ಲಿ ನನಗೆ ಆಗ ಕೇಳಿಸುತ್ತಿದ್ದದ್ದು ಮೊದಲರ್ಧ ಮಾತ್ರ. ದೇವರು ಅಂದರೆ ಬೆತ್ತ ಹಿಡಿದ ಮೇಷ್ಟ್ರು ಅಂದುಕೊಂಡಿದ್ದೆ.

ದೊಡ್ಡವರಾದ ಮೇಲೂ ಹಾಗೇ ಅಂದುಕೊಂಡಿರುವವರು ಬಹಳ ಜನ. ಅದಕ್ಕೇ ಈ ಪದವನ್ನು ಬಿಡಿಸಿ ನೋಡಬೇಕು ಅನಿಸಿತು.

ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದಕ್ಕೆ 'ಯಿರಾ' ಎಂಬ ಪದವಿದೆ. ಹೆದರಿಕೆಗೂ ಅದೇ, ದೇವರ ಮುಂದೆ ತಲೆಬಾಗುವ ಗೌರವಕ್ಕೂ ಅದೇ. ಅದರಲ್ಲೇ ಇರುವ ಯೋನನ ಪುಸ್ತಕದ 1ನೇ ಅಧ್ಯಾಯ ಓದಿ. ಬಿರುಗಾಳಿಯ ನಡುವೆ ಹಡಗಿನವರು ಬಹಳ ಹೆದರುತ್ತಾರೆ. ಸಮುದ್ರ ಶಾಂತವಾದ ಮೇಲೂ ಯೆಹೋವನಿಗೆ, ಅಂದರೆ ದೇವರಿಗೆ, ಬಹಳ ಭಯಪಡುತ್ತಾರೆ. ಎರಡು ಕಡೆಯೂ ಮೂಲದಲ್ಲಿ ಇರುವುದು 'ಯಿರಾ'ನೇ. ಆದರೆ ಎರಡನೇ ಸಲ ಮುಳುಗುವ ಭಯ ಇಲ್ಲ, ಅಲ್ವಾ? ಗಾಳಿಯೇ ನಿಂತಿದೆ. ಇಷ್ಟು ದೊಡ್ಡವನು ನಮ್ಮ ಕೂಗನ್ನು ಕೇಳಿಸಿಕೊಂಡನಲ್ಲ ಎಂದು ಮೈ ಜುಮ್ಮೆನ್ನುವ ಭಯ ಅದು.

ಒಂದೇ ಪದ ಎರಡು ಅರ್ಥ ಹೊರುವ ಈ ಕಷ್ಟ ಕನ್ನಡಕ್ಕೆ ಇಲ್ಲ. ಭಯದ ಪಕ್ಕದಲ್ಲೇ ಭಕ್ತಿಯನ್ನು ನಿಲ್ಲಿಸುವ ಜೋಡಿಪದ ನಮ್ಮಲ್ಲಿದೆ. ಇದು ಕ್ರೈಸ್ತರೇ ಕಟ್ಟಿದ ಪದವಲ್ಲ. ದೇವಸ್ಥಾನದಲ್ಲೂ ಮಠದಲ್ಲೂ ಊರಹಬ್ಬದಲ್ಲೂ ಬಳಸುವ ಮಾತು. ಬರೀ ಭಯ ಇದ್ದರೆ ಮನುಷ್ಯ ದೂರ ಓಡುತ್ತಾನೆ. ಭಕ್ತಿಯೂ ಜೊತೆಗಿದ್ದರೆ ಚಪ್ಪಲಿ ಬಿಟ್ಟು ಹತ್ತಿರ ಬರುತ್ತಾನೆ. "ಪ್ರೀತಿ ಭಯವನ್ನು ಓಡಿಸುತ್ತದೆ ಎಂದು ಬೈಬಲಿನಲ್ಲಿ ಯೋಹಾನನೇ ಬರೆದಿದ್ದಾನಲ್ಲ?" ಎಂದು ಕೇಳುವವರಿದ್ದಾರೆ. ಯಾವ ಭಯ ಅನ್ನುವುದು ಅದೇ ವಚನದಲ್ಲಿದೆ: ದಂಡನೆಯ ಭಯ.

ನಾವು ಮಾತಾಡುವ ರೀತಿಯಲ್ಲೇ ಇದು ಕಾಣುತ್ತದೆ. ಸತ್ಯವೇದದ, ಅಂದರೆ ಬೈಬಲಿನ, ಹಳೆಯ ಕನ್ನಡ ಅನುವಾದ ಓದಿ ಬೆಳೆದ ನಾವು ಪ್ರಾರ್ಥನೆಯಲ್ಲಿ ದೇವರನ್ನು 'ನೀನು' ಅನ್ನುತ್ತೇವೆ, ಮನೆಯವರಿಗೆ ಅಂದ ಹಾಗೆ. ಅದೇ ದೇವರ ಬಗ್ಗೆ ಇನ್ನೊಬ್ಬರಿಗೆ ಹೇಳುವಾಗ 'ಅವನು' ಎಂದು ಬಾಯಿಗೆ ಬರುವುದಿಲ್ಲ, 'ಆತನು' ಅನ್ನುತ್ತೇವೆ. ಯೇಸು ಕಲಿಸಿದ ಪ್ರಾರ್ಥನೆಯೂ 'ತಂದೆಯೇ' ಎಂದು ಶುರುವಾಗಿ, ಮರುಮಾತಿಗೇ ಆತನ ಹೆಸರಿನ ಪವಿತ್ರತೆಗೆ ಬರುತ್ತದೆ. ಕಥೋಲಿಕರು ಪವಿತ್ರಾತ್ಮರ 7 ವರಗಳಲ್ಲಿ ದೇವರ ಭಯವನ್ನೂ ಎಣಿಸುತ್ತಾರೆ. ವರ ಅನ್ನುತ್ತಾರೆ, ಗಮನಿಸಿ. ಶಿಕ್ಷೆ ಅಲ್ಲ.

ಇಷ್ಟಾದರೂ ಇದು ಚರ್ಚಿನ ಬಾಗಿಲ ಒಳಗಿನ ವಿಷಯ ಅಂದುಕೊಂಡರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಹಳೆ ಒಡಂಬಡಿಕೆಯ ಯಾಜಕಕಾಂಡ ಎಂಬ ಪುಸ್ತಕದ 19ನೇ ಅಧ್ಯಾಯದ 14ನೇ ವಚನ ನನಗೆ ಬಹಳ ಇಷ್ಟ. ಕಿವುಡರನ್ನು ಬೈಯಬೇಡ, ಕುರುಡರ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ, ನಿನ್ನ ದೇವರಿಗೆ ಭಯಪಡು. ಬೈದದ್ದು ಕಿವುಡನಿಗೆ ಕೇಳಿಸದು, ಕಲ್ಲು ಇಟ್ಟವರು ಯಾರೆಂದು ಕುರುಡನಿಗೆ ಕಾಣದು. ಸಿಕ್ಕಿಬೀಳುವ ಹೆದರಿಕೆ ಇಲ್ಲದ ಆ ಜಾಗದಲ್ಲೇ ದೇವರ ಭಯದ ಮಾತು ಬರುತ್ತದೆ. ಅದೇ ಅಧ್ಯಾಯದಲ್ಲಿ ತಲೆ ನರೆತವರು ಬಂದರೆ ಎದ್ದು ನಿಲ್ಲು ಎಂದಿದೆ. 25ನೇ ಅಧ್ಯಾಯದಲ್ಲಿ ಹೊಲ ಮಾರುವಾಗ, ಕೊಳ್ಳುವಾಗ ಮೋಸ ಬೇಡ ಎಂದಿದೆ, ಕೈಕೆಳಗೆ ದುಡಿಯುವವರನ್ನು ಹಿಂಸಿಸಬೇಡ ಎಂದಿದೆ. ಪ್ರತಿ ಸಲವೂ ಜೊತೆಗೆ ಅದೇ ಮಾತು, ದೇವರಿಗೆ ಭಯಪಡು.

ನಮ್ಮ ಬೀದಿಯಲ್ಲಿ ಕಿವಿ ಕೇಳದ ಒಬ್ಬ ತಾತ ಇದ್ದರು. ಅವರ ಬೆನ್ನ ಹಿಂದೆ ನಿಂತು ನಾವು ಹುಡುಗರು ಏನೇನೋ ಕೂಗಿ ನಗುತ್ತಿದ್ದೆವು. ಒಂದು ದಿನ ಅಜ್ಜಿ ನೋಡಿಬಿಟ್ಟರು. ಬೈಯಲಿಲ್ಲ. ಸಂಜೆ ಪ್ರಾರ್ಥನೆಗೆ ಕೂತಾಗ, "ಮೊದಲು ತಾತನ ಮನೆಗೆ ಹೋಗಿ ಬನ್ನಿ, ಆಮೇಲೆ ಬೈಬಲ್ ತೆಗೀತೀನಿ" ಅಂದರು.

ಹೋದೆವು. ಯಾಕೆ ಬಂದೆವೆಂದು ತಾತನಿಗೆ ಗೊತ್ತಾಗಲೇ ಇಲ್ಲ. ಸುಮ್ನೆ ನಕ್ಕು, ಒಬ್ಬೊಬ್ಬರ ಅಂಗೈಗೂ ಒಂದು ಚೂರು ಬೆಲ್ಲ ಇಟ್ಟರು. ನಾವು ವಾಪಸ್ ಬಂದಾಗ ಅಜ್ಜಿ ಕೈ ತೊಳೆದು, ತಲೆ ಮೇಲೆ ಸೆರಗು ಹೊದ್ದು, ಮುಚ್ಚಿದ ಬೈಬಲಿನ ಮುಂದೆ ಕಾಯುತ್ತಾ ಕೂತಿದ್ದರು.